ನಮ್ಮ ಪಾಲಿನ ಅರ್ಧ ತಂತಿ

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತ, ನಮ್ಮವರು ನನಗೊಂದು ಹೋಂವರ್ಕ್ ಕೊಟ್ಟು ಹೋದರು. ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಹೋಂವರ್ಕ್ ಕೊಟ್ಟು ಅವರ ಶಾಪ ಕಟ್ಟಿಕೊಂಡವಳು ನಾನು. ಒಂದಲ್ಲ ಒಂದು ದಿನ ಅದು ತಿರುಗಿ ಬರಲೇಬೇಕಿತ್ತು. ಕೊಗನೊಳ್ಳಿಯ ಹತ್ತಿರ ಹೈವೇ ಪಕ್ಕದಲ್ಲಿ ಲಾಡ್ಜ್ ನಡೆಸುವ ಒಬ್ಬರು ನಮ್ಮ ಮನೆಯ ಡ್ರೈಯರನ್ನು, ಅಂದರೆ ಬಟ್ಟೆ ಒಣಗಿಸುವ ಮಷೀನನ್ನು, ಕೊಳ್ಳಲು ಸಂಜೆ ಬರುವವರಿದ್ದಾರೆ. ಬರುವ ಮೊದಲು ಅವರಿಗೆ ಅದರ ಗುಣದೋಷಗಳ ವಿವರ ಬೇಕಂತೆ.

“ಚೊಲೋ ಏನು, ಕೆಟ್ಟ ಏನು, ಎರಡೂ ಬರದು ಮಧ್ಯಾಹ್ನದೊಳಗ ನನಗ ವಾಟ್ಸಾಪ್ ಮಾಡು,” ಎಂದರು. “ನೀ ಮಷೀನ ಬಳಸಿದಾಕಿ, ನಿನಗ ಗೊತ್ತ. ಸುಳ್ಳ ಬರೀಬ್ಯಾಡ. ಹಂಗಂತ ಪೂರಾ ಖರೇನೂ ಬರೀಬ್ಯಾಡ.”

ಮೇ ತಿಂಗಳು. ಶಾಲೆಗೆ ರಜೆ. ಹೊರಗೆ ನಿಪ್ಪಾಣಿಯ ಬಿಸಿಲು ಹೆಂಚು ಕಾಯಿಸುತ್ತಿದೆ. ಹಿತ್ತಲ ತಂತಿಯ ಮೇಲೆ ಹಾಕಿದ ಟವೆಲ್ಲು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಪ್ಪಳವಾಗಿರುತ್ತದೆ. ಇಂಥ ಊರಿನಲ್ಲಿ ಇಂಥ ಬಿಸಿಲಿನಲ್ಲಿ ಬಟ್ಟೆ ಒಣಗಿಸುವ ಯಂತ್ರ ಒಂದು ಮೂಲೆಯಲ್ಲಿ ಕೂತಿದೆ ಎಂದರೆ ನೀವು ನಗಬಹುದು. ನಗಿರಿ, ನಮ್ಮ ಗಲ್ಲಿಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಕೊಳ್ಳುವವರು ಬರುತ್ತಾರೆಂದು ನಾನು ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಅದರ ಮುಂದೆ ಕೂತೆ. ಬಾಗಿಲು ತೆಗೆದೆ. ಎಷ್ಟೋ ತಿಂಗಳಿಂದ ಸುಮ್ಮನಿದ್ದರೂ ಒಳಗಿನಿಂದ ಬೆಚ್ಚಗಿನ ಅರಳೆಯ ವಾಸನೆ ಬಂತು. ಬಟ್ಟೆಯ ಜುಂಗು ಹಿಡಿಯುವ ಜಾಳಿಗೆಯನ್ನು ಎಳೆದು ತೆಗೆದು, ಅದು ಕೂರುವ ಸಂದಿಯಲ್ಲಿ ಬ್ರಶ್ಶು ಆಡಿಸಿದಾಗ ಏನೋ ಟಿಕ್ಕೆಂದು ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಒಂದು ಜೋಳದ ಕಾಳು.

ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹೋಂವರ್ಕ್ ಹಾಗೇ ಉಳಿಯಿತು.

ಇರಲಿ, ಮೊದಲು ಗುಣಗಳು. ಇದು ಕಡಿಮೆ ಕರೆಂಟು ತಿನ್ನುವ ಜಾತಿಯದು. ಹಳೆಯ ತರದ ಡ್ರೈಯರುಗಳು ಗಾಳಿಯನ್ನು ಕಾಯಿಸಿ, ಬಟ್ಟೆಗೆ ಊದಿ, ಆ ಬಿಸಿಗಾಳಿಯನ್ನು ಹೊರಗೆ ಅಟ್ಟಿಬಿಡುತ್ತವಂತೆ. ಬಚ್ಚಲ ಒಲೆ ಉರಿಸಿ ಬಾಗಿಲು ತೆರೆದಿಟ್ಟ ಹಾಗೆ. ಇದು ಹಾಗಲ್ಲ. ಇದರೊಳಗೆ ಹೀಟ್ ಪಂಪ್ ಇದೆ. ಕಾದ ಗಾಳಿಯನ್ನೇ ಸುತ್ತಿ ಸುತ್ತಿ ತಿರುಗಿಸಿ, ಬಟ್ಟೆಯ ನೀರನ್ನೆಲ್ಲ ಹಿಂಡಿ ಒಂದು ಡಬ್ಬಿಯಲ್ಲಿ ಕೂಡಿಡುತ್ತದೆ. ಬಿಸಿ ಹದವಾಗಿರುವುದರಿಂದ ಬಟ್ಟೆ ಕುಗ್ಗುವುದಿಲ್ಲ, ಬಣ್ಣ ಹೋಗುವುದಿಲ್ಲ. ನಮ್ಮವರು ಇದನ್ನು ಕೊಳ್ಳುವ ಮೊದಲು ಎರಡು ವಾರ ಮೊಬೈಲಿನಲ್ಲಿ ಮುಳುಗಿ, ಯಾವುದರ ಮೈಮೇಲೆ ಎಷ್ಟು ಸ್ಟಾರ್ ಎಂದು ಎಣಿಸಿದ್ದರು. ಹೆಣ್ಣು ನೋಡಲು ಬಂದಾಗಲೂ ಅವರು ಇಷ್ಟು ವಿಚಾರಿಸಿರಲಿಲ್ಲ.

ದೋಷಗಳು. ಒಂದು ಹೊರೆ ಒಣಗಲು ಎರಡೂವರೆ, ಮೂರು ತಾಸು. ನಡುವೆ ಕರೆಂಟು ಹೋದರೆ ಒದ್ದೆಯೂ ಅಲ್ಲದ ಒಣಗಿದ್ದೂ ಅಲ್ಲದ ಬಟ್ಟೆ ಒಳಗೆ ಮುದ್ದೆಯಾಗಿ ಕೂತಿರುತ್ತದೆ. ಜಾಳಿಗೆಯನ್ನು ಪ್ರತಿ ಸಲ ತೆಗೆದು ಒರೆಸಬೇಕು, ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ. ಬಿಸಿಲಿನ ವಾಸನೆ ಬಟ್ಟೆಗೆ ಬರುವುದಿಲ್ಲ. ಮತ್ತು ಬೆಲೆ. ಪಕ್ಕದ ಮನೆಯ ಅಕ್ಕಾತಾಯಿ ಕಾಕು ಬೆಲೆ ಕೇಳಿ ಗಲ್ಲಕ್ಕೆ ಕೈಯಿಟ್ಟು, “ಅಗಬಾಯೀ! ಈ ರೊಕ್ಕದಾಗ ಒಂದ ಎಮ್ಮಿ ಬರ್ತಿತ್ತಲ್ಲ! ಎಮ್ಮಿ ಹಾಲರ ಕೊಡತೈತಿ, ಇದೇನ ಕೊಡತೈತಿ?” ಎಂದಿದ್ದರು. ಆಮೇಲೆ ಅಂಗಳಕ್ಕೆ ಹೋಗಿ, ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡಿ, “ನಮ್ಮ ಊರಾಗ ಬಿಸಿಲಿಗೇನ ಬರ ಬಂದೈತೇನವಾ?” ಎಂದು ಸೇರಿಸಿದ್ದರು.

ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರ ಮಾತ್ರ ನ್ಯಾಯವಾದದ್ದಲ್ಲ. “ಬೂದಿ ಬಾಳ ಬೀಳತೈತ್ರಿ ಕಾಕು,” ಎಂದಿದ್ದೆ.

ಬೂದಿಯ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಬ್ಬು ನುರಿಸುವ ಹಂಗಾಮು ಸುರುವಾಯಿತೆಂದರೆ ಕಾರ್ಖಾನೆಯ ಚಿಮಣಿಯಿಂದ ಎದ್ದ ಕರಿ ಬೂದಿ ಗಾಳಿ ಬೀಸಿದ ಕಡೆಗೆ ಬಂದು ಇಳಿಯುತ್ತದೆ. ಅಥಣಿಯಿರಲಿ, ರಾಯಬಾಗವಿರಲಿ, ಕಾರ್ಖಾನೆಯಿದ್ದ ಕಡೆ ಹೆಂಗಸರು ಒಣಗಿದ ಬಟ್ಟೆಯನ್ನು ಕೊಡವಿ ಝಾಡಿಸಿಯೇ ಒಳಗೆ ತರುತ್ತಾರೆ. ಝಾಡಿಸಬೇಕು, ಒರೆಸಬಾರದು, ಒರೆಸಿದಿರೋ ಬಿಳಿ ಅಂಗಿಯ ಮೇಲೆ ಕಾಡಿಗೆ ಎಳೆದ ಹಾಗೆ ಕರಿ ಗೆರೆ. ನಾನು ಮದುವೆಯಾಗಿ ಬಂದ ವರ್ಷ ಮಾವನವರ ಧೋತರವನ್ನು ಒರೆಸಿ ಕೆಡಿಸಿ, ಮೂರು ಸಲ ತೊಳೆದು, ಕೊನೆಗೆ ನೀಲಿ ಹೆಚ್ಚು ಹಾಕಿ ಆಕಾಶದ ಬಣ್ಣ ಮಾಡಿ ಕೊಟ್ಟಿದ್ದೆ. ಅವರು ಅದನ್ನೇ ಉಟ್ಟುಕೊಂಡು ಕೆಲಸಕ್ಕೆ ಹೋಗಿ ಬಂದರು.

ಹಾಗಾಗಿ ಬೂದಿಯ ನೆಪ ಎಲ್ಲರೂ ಒಪ್ಪುವಂಥದ್ದು. ಆದರೆ ಕಾರಣ ಬೂದಿಯಾಗಿರಲಿಲ್ಲ.

ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದು ತಂತಿ ಇದೆ. ನಮ್ಮ ಹಿತ್ತಲ ಕಿಟಕಿಯ ಸರಳಿನಿಂದ ಹೊರಟು ಅವರ ನುಗ್ಗೆಮರಕ್ಕೆ ಹೋಗಿ ಸೇರುತ್ತದೆ. ನಡುವೆ ಒಂದು ಕೆಂಪು ಚಿಂದಿ ಕಟ್ಟಿದೆ. ಅದರಾಚೆ ಅವರದು, ಈಚೆ ನಮ್ಮದು. ನಮ್ಮ ಅತ್ತೆ ಮತ್ತು ಕಾಕು ಹೊಸ ಸೊಸೆಯರಾಗಿದ್ದಾಗ ಹಾಕಿಸಿದ ತಂತಿಯಂತೆ. ಕಾಕುವಿನ ಹೆಸರಿನಲ್ಲೇ ಅಕ್ಕನೂ ತಾಯಿಯೂ ಇದ್ದಾರೆ, ಚಿಕ್ಕಮ್ಮ ಎನ್ನುವ ಅರ್ಥದ ಕಾಕು ಎಂದು ಸೇರಿಸಿದ್ದು ಗಲ್ಲಿಯವರು. ಮೂರು ಹುದ್ದೆಯ ಅಧಿಕಾರವನ್ನೂ ಅವರು ಒಟ್ಟಿಗೇ ನಡೆಸುತ್ತಾರೆ. ತಂತಿಗೆ ಒಂದು ಕಾನೂನಿತ್ತು. ಮಳೆ ಬಂದರೆ ಮೊದಲು ನೋಡಿದವರು ಎರಡೂ ಮನೆಯ ಬಟ್ಟೆ ತೆಗೆಯಬೇಕು. ನಾನು ಶಾಲೆಗೆ, ನಮ್ಮವರು ಕೆಲಸಕ್ಕೆ ಹೋಗುವುದರಿಂದ ಮೊದಲು ನೋಡುವವರು ಯಾವಾಗಲೂ ಕಾಕುವೇ. ಸಂಜೆ ನಾನು ಬರುವಾಗ ನಮ್ಮ ಬಟ್ಟೆ ಮಡಚಿ ಘಡಿಯಾಗಿ ಕಟ್ಟೆಯ ಮೇಲಿರುತ್ತಿತ್ತು.

ಮತ್ತು ಕಾಕು ತಂತಿಯನ್ನು ಓದುತ್ತಿದ್ದರು. ನಾವು ಪೇಪರು ಓದುವ ಹಾಗೆ. ಯಾರ ಮನೆಯ ತಂತಿಯ ಮೇಲೆ ಕೂಸಿನ ಕುಂಚಿಗೆ ಕಂಡಿತು, ಯಾರ ಮಗಳ ಸೀರೆ ತವರಿಗೆ ಬಂದು ಹದಿನೈದು ದಿನವಾಯಿತು, ಯಾರ ಅಳಿಯನ ಪ್ಯಾಂಟು ಕಾಣಲಿಲ್ಲ, ಎಲ್ಲ ಅವರಿಗೆ ಗೊತ್ತು. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಾನು ಅವರಿಗೆ ಹೆದರುತ್ತಿದ್ದೆನೆಂದು ಒಪ್ಪಿಕೊಂಡುಬಿಡುತ್ತೇನೆ.

ಈಗ ಮಾವನವರ ಬಗ್ಗೆ. ಅವರು ಆಯುಷ್ಯವೆಲ್ಲ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸ ಮಾಡಿದವರು. ಅವರ ಬಂಡವಾಳ ಮೂಗು. ಒಣಗಿದ ಎಲೆಯನ್ನು ಬೆರಳಲ್ಲಿ ಪುಡಿ ಮಾಡಿ ಮೂಗಿನ ಹತ್ತಿರ ಹಿಡಿದರೆ ಇದು ಕರಿ ನೆಲದ್ದು, ಇದು ಮಳೆಗೆ ಸಿಕ್ಕಿದ್ದು, ಇದನ್ನು ಹಸಿಯಿದ್ದಾಗಲೇ ಕಟ್ಟಿದ್ದಾರೆ ಎಂದು ಹೇಳುತ್ತಿದ್ದರು. ದೊಡ್ಡ ವ್ಯಾಪಾರಿಗಳು ಅವರ ಮೂಗು ಹೂಂ ಅನ್ನುವವರೆಗೆ ಕೈ ಕುಲುಕುತ್ತಿರಲಿಲ್ಲವಂತೆ. ಕೆಲಸ ಬಿಟ್ಟ ಮೇಲೆ ಆ ಮೂಗು ಮನೆಗೆ ಬಂತು. ಅಡಿಗೆಮನೆಗೆ ಕಾಲಿಡದೆಯೇ, “ಯವ್ವಾ, ಬ್ಯಾಳಿ ತಳ ಹಿಡ್ಯಾಕತ್ತೈತಿ,” ಎಂದು ಹೊರಗಿನಿಂದ ಕೂಗುತ್ತಿದ್ದರು. ಯಾವಾಗಲೂ ಸರಿಯಾಗಿರುತ್ತಿದ್ದರು ಎನ್ನುವುದೇ ನನಗೆ ಸಿಟ್ಟು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಸಂಜೆ ನಾಲ್ಕಕ್ಕೆ ಕಾಕುವಿನ ಮನೆಯಲ್ಲಿ ಒಂದು ಕಪ್ಪು ಚಹಾ, ಐದಕ್ಕೆ ಬೇವಿನ ಕಟ್ಟೆಯಲ್ಲಿ ಹಳೆಯ ವಖಾರಿ ಗೆಳೆಯರು. ಇದು ಅವರ ದಿನ.

ಎಪ್ಪತ್ತೈದು ದಾಟಿದ ಮೇಲೆ ಅವರಿಗೆ ರಾತ್ರಿ ನಿದ್ದೆಯಲ್ಲಿ ಮೂತ್ರ ತಡೆಯುವುದು ಆಗದಾಯಿತು. ಮೊದಲ ದಿನ ನಾನು ಹಾಸಿಗೆ ಎತ್ತಲು ಹೋದಾಗ ಚಾದರ ಇರಲಿಲ್ಲ. ಎರಡನೇ ದಿನವೂ ಇರಲಿಲ್ಲ. ಮೂರನೇ ದಿನ ಮಂಚದ ಕೆಳಗಿನ ಟ್ರಂಕಿನ ಹಿಂದೆ ಮೂರೂ ಚಾದರ ಉಂಡೆಯಾಗಿ ಸಿಕ್ಕವು. ಯಾವುದೋ ಮಗು ಬಚ್ಚಿಟ್ಟ ಹಾಗೆ. ನಾನು ತೊಳೆದು ತಂತಿಗೆ ಹಾಕಿದೆ, ಅವರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆಮೇಲೆ ದಿನಾ ಒಂದು ಚಾದರ. ಮಾವನವರು ಬೆಳಿಗ್ಗೆ ಕಿಟಕಿಯ ಬಳಿ ನಿಂತು ತಂತಿಯನ್ನು ನೋಡುತ್ತಿದ್ದರು. ಮಳೆಗಾಲದಲ್ಲಂತೂ ಅದನ್ನು ತೆಗೆದು, ಒದರಿ, ಘಡಿ ಮಾಡುವ ಕೈ ಕಾಕುವಿನದು. ಮೂಗಿನಿಂದ ಬದುಕಿದ ಮನುಷ್ಯ ತನ್ನ ಕೋಣೆಯ ವಾಸನೆಯನ್ನು ತಾನೇ ಮೊದಲು ಹಿಡಿದಿರಬೇಕಲ್ಲ. ನಾನು ಎಷ್ಟು ಊದುಬತ್ತಿ ಹಚ್ಚಿದರೂ ಆ ಮೂಗಿಗೆ ಮೋಸ ಮಾಡಲು ಸಾಧ್ಯವಿರಲಿಲ್ಲ.

ಅವರು ಕಂಡುಕೊಂಡ ಉಪಾಯ ನೀರು ಬಿಡುವುದು. ಮೊದಲು ರಾತ್ರಿಯ ನೀರು ಬಿಟ್ಟರು, ಆಮೇಲೆ ಮಧ್ಯಾಹ್ನದ್ದು. ಕಾಕುವಿನ ಮನೆಯ ಚಹಾ ಬಿಟ್ಟರು. ಚಹಾ ಬಿಟ್ಟ ಮೇಲೆ ಅಲ್ಲಿಗೆ ಹೋಗುವುದನ್ನು, ಅದರ ಹಿಂದೆ ಕಟ್ಟೆಯನ್ನು ಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ತಲೆ ಸುತ್ತಿ ಬಿದ್ದಾಗ ಡಾಕ್ಟರು ಪರೀಕ್ಷೆ ಮಾಡಿಸಿ, ಹೊರಗೆ ಕರೆದು ನಮಗೆ ಹೇಳಿದರು: ಹೀಗೇ ನೀರು ಕುಡಿಯದೆ ಇದ್ದರೆ ಕಿಡ್ನಿ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ನಾನು ಮನೆಗೆ ಬಂದು ತಂಬಿಗೆ ತುಂಬಿ ಅವರ ಮುಂದೆ ಇಟ್ಟೆ. ಅವರು ಎರಡು ಗುಟುಕು ಕುಡಿದು ಕೆಳಗಿಟ್ಟರು.

“ಸಾಕಾತವಾ,” ಎಂದರು. ಕಿಟಕಿಯ ಕಡೆ ನೋಡಿದರು.

ಆಗ ನಮ್ಮವರಿಗೆ ಡ್ರೈಯರ್ ಹೊಳೆಯಿತು. ತಂದೆಯ ಮುಂದೆ ಕೂತು ಅವರು ಮಾಡಿದ ಭಾಷಣ ಈಗಲೂ ನೆನಪಿದೆ. ಕಾರ್ಖಾನೆಯ ಬೂದಿ, ಬಿಳಿ ಬಟ್ಟೆಯ ಗತಿ, ಸೊಸೆಯ ನೌಕರಿ, ಹೀಟ್ ಪಂಪು, ಸ್ಟಾರು, ಉಳಿಯುವ ಕರೆಂಟು. ಹಾಸಿಗೆಯ ಮಾತೊಂದು ಬಿಟ್ಟು ಎಲ್ಲವೂ ಅದರಲ್ಲಿತ್ತು. ಹೊಸ ಸಾಮಾನು ಎಂದರೆ ಉರಿದುಬೀಳುತ್ತಿದ್ದ ಮಾವನವರು ಆ ದಿನ ಒಂದೂ ತಕರಾರು ತೆಗೆಯಲಿಲ್ಲ.

“ಬೂದಿ ಬಾಳ ಬೀಳತೈತಿ, ಖರೇನ ಐತಿ,” ಎಂದರು. “ತಂದಬಿಡ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಷೀನು ಬಂತು. ಚಾದರಗಳು ಒಳಗೇ ತೊಳೆದು ಒಳಗೇ ಒಣಗತೊಡಗಿದವು. ಮಾವನವರು ಮೊದಲ ದಿನ ಮೂರು ತಾಸೂ ಅದರ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ತಮ್ಮ ಚಾದರ ಗಿರಿಗಿರಿ ತಿರುಗುವುದನ್ನು ನೋಡಿದರು. ಬಿಸಿಬಿಸಿ ಹೊರಬಂದಾಗ ಮೂಗಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿ, “ಏನೂ ಇಲ್ಲ,” ಎಂದರು. ವ್ಯಾಪಾರಿಗಳು ಕಾಯುತ್ತಿದ್ದ ಹೂಂ ಅದೇ ಇರಬೇಕು. ನನಗೆ ಅಷ್ಟೇ ಸಾಕಾಯಿತು. ಟವೆಲ್ಲಿನ ಬಗ್ಗೆ ಮಾತ್ರ ಅವರದೊಂದು ದೂರು ಉಳಿಯಿತು: ಬಿಸಿಲಿಗೆ ಒಣಗಿದ ಟವೆಲ್ಲು ಬೆನ್ನು ತುರಿಸುತ್ತಿತ್ತು, ಇದು ಬೆಣ್ಣೆಯಾಗಿ ಯಾವ ಉಪಯೋಗಕ್ಕೂ ಬಾರದು. ಡಬ್ಬಿಯಲ್ಲಿ ಕೂಡಿದ ನೀರನ್ನು ಒಯ್ದು ಹಿತ್ತಲ ಕರಿಬೇವಿಗೆ ಹಾಕುವ ಕೆಲಸವನ್ನು ತಾವೇ ವಹಿಸಿಕೊಂಡರು. ಮನೆಯಲ್ಲಿ ನೀರು ಕುಡಿಯುವುದೂ ತುಸು ಹೆಚ್ಚಾಯಿತು, ಆದರೆ ಡಾಕ್ಟರು ಹೇಳಿದ ಲೆಕ್ಕಕ್ಕೆ ಅರ್ಧವೂ ಇಲ್ಲ. ಮನೆಯಿಂದ ಹೊರಗೆ ಮಾತ್ರ ಕಾಲಿಡಲಿಲ್ಲ. ಚಾದರವನ್ನು ಮುಚ್ಚಿಟ್ಟರೂ ಅವರ ಅಂಜಿಕೆ ಹೋಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೀದಿಯಲ್ಲಿ ಯಾರಾದರೂ ನಕ್ಕರೆ ಇವರು ಒಳಗೆ ಕಿಟಕಿ ಮುಚ್ಚುತ್ತಿದ್ದರು.

ಇತ್ತ ತಂತಿಯ ಮೇಲೆ ನಮ್ಮ ಪಾಲಿನ ಅರ್ಧ ಖಾಲಿಯಾಯಿತು. ಚಾದರ ಒಂದನ್ನೇ ಒಳಗಿಟ್ಟು ಉಳಿದದ್ದನ್ನು ಹೊರಗೆ ಹಾಕಿದರೆ ಕಾಕು ಓದಿಬಿಡುತ್ತಾರೆಂದು ನಾನು ಜಾಣತನ ಮಾಡಿ ಎಲ್ಲ ಬಟ್ಟೆಯನ್ನೂ ಮಷೀನಿಗೆ ಹಾಕತೊಡಗಿದ್ದೆ. ಕಾಕು ತಮ್ಮ ಬಟ್ಟೆ ಎಷ್ಟೇ ಇರಲಿ, ಒಂದರ ಮೇಲೊಂದು ಹೇರಿ ಹಾಕುತ್ತಿದ್ದರೇ ಹೊರತು ಕೆಂಪು ಚಿಂದಿಯ ಈಚೆ ಒಂದು ಕರವಸ್ತ್ರವನ್ನೂ ಹಾಕಲಿಲ್ಲ. ಒಂದು ದಿನ ಮಾತ್ರ ಗೇಟಿನ ಹತ್ತಿರ ನಿಂತು ಕೇಳಿದರು: “ನನ್ನ ಕೈಲೆ ಅರಿವಿ ಮುಟ್ಟಿಸೂದು ಬ್ಯಾಡಾತೇನವಾ ನಿಮಗ?”

“ಹಂಗೇನಿಲ್ರಿ ಕಾಕು, ಬೂದಿ,” ಎಂದೆ.

“ಹೂಂ. ಬೂದಿ,” ಎಂದು ಅವರು ಹೋದರು. ಆ ದಿನ ನನಗೆ ಊಟ ರುಚಿಸಲಿಲ್ಲ. ಗುಣದೋಷದ ಪಟ್ಟಿಯಲ್ಲಿ ಇದನ್ನು ಎಲ್ಲಿ ಬರೆಯುವುದು ಹೇಳಿ.

ಹೀಗೆ ಹೋಳಿ ಹೋಯಿತು, ಮಳೆಗಾಲ ಹೋಯಿತು, ದಸರೆ ಬಂತು. ನಮ್ಮ ಕಡೆ ನವರಾತ್ರಿಯ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆಯಬೇಕು. ಒಂದು ಚಿಂದಿಯೂ ಮೈಲಿಗೆಯಾಗಿ ಉಳಿಯಬಾರದು. ಹಿಂದೆ ಟ್ರಾಲಿಯಲ್ಲಿ ಗಲ್ಲಿಯ ಕೌದಿಗಳನ್ನೆಲ್ಲ ಹೇರಿಕೊಂಡು ವೇದಗಂಗೆಯ ಹೊಳೆಗೆ ಹೋಗುತ್ತಿದ್ದರು. ಕೌದಿ ಎಂದರೆ ಹಳೆಯ ಸೀರೆ ಧೋತರಗಳನ್ನು ಪದರ ಪದರ ಇಟ್ಟು ಹೊಲಿದ ಹೊದಿಕೆ. ಪಕ್ಕದ ಮರಾಠಿ ಮನೆಗಳಲ್ಲಿ ವಾಕಳ ಎನ್ನುತ್ತಾರೆ. ಒದ್ದೆಯಾದರೆ ಅದು ಎಮ್ಮೆಯ ಕರುವಿನಷ್ಟು ಭಾರ. ನಮ್ಮ ಅತ್ತೆ ತೀರಿಕೊಳ್ಳುವ ಮೊದಲು ಹೊಲಿದ ಒಂದು ಕೌದಿ ಮಾವನವರ ಹತ್ತಿರವಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಅದರೊಳಗೆ ಒಂದು ಹಿಡಿ ಜೋಳ ಹಾಕುವುದು ಅತ್ತೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. “ಹೊಟ್ಟಿ ಖಾಲಿ ಇದ್ದ ಕೌದಿ ಹೊದ್ದವರನ್ನ ಬೆಚ್ಚಗ ಇಡೂದಿಲ್ಲ,” ಎನ್ನುತ್ತಿದ್ದರು.

ಘಟಕ್ಕೆ ಮೊದಲಿನ ಶನಿವಾರ ನನಗೆ ಬೆಳಗಿನ ಶಾಲೆ. ನಾನು ಹೋದ ಮೇಲೆ ಮಾವನವರು ನೋಡಿಕೊಂಡಿದ್ದಾರೆ, ಹಿಂದಿನ ರಾತ್ರಿ ಒದ್ದೆ ಚಾದರವನ್ನು ದಾಟಿ ಕೌದಿಗೂ ಇಳಿದಿದೆ. ಹೆಂಡತಿಯ ಕೈಯ ಕೌದಿ. ಅದನ್ನು ಸೊಸೆ ನೋಡಬಾರದೆಂದು ತಾವೇ ಬಚ್ಚಲಿಗೆ ಒಯ್ದು, ಸೋಪಿನ ಪುಡಿ ಸುರಿದು, ಕಾಲಿನಿಂದ ತುಳಿದು ತೊಳೆದು, ಹಿಂಡಲು ಶಕ್ತಿಯಿಲ್ಲದೆ, ನೀರು ಸುರಿಯುತ್ತಿದ್ದ ಹಾಗೇ ಎಳೆದು ತಂದು ಡ್ರೈಯರಿನೊಳಗೆ ತುರುಕಿ ಗುಂಡಿ ಒತ್ತಿದ್ದಾರೆ. ತೊಳೆಯುವ ಮಷೀನಿನಲ್ಲಿ ಹಿಂಡಿದ ಮೇಲೆಯೇ ಇದಕ್ಕೆ ಹಾಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವಳು ನಾನೇ. ಪಾಪದ ಮಷೀನು ಎರಡು ಸಲ ಹೊರಳಿ, ನರಳಿ, ಕೆಂಪು ದೀಪ ಹಚ್ಚಿ ನಿಂತುಬಿಟ್ಟಿತು. ಬಾಗಿಲ ಸಂದಿಯಿಂದ ನೀರು ಹರಿದು ಹಿತ್ತಲ ಹೊಸ್ತಿಲು ದಾಟಿತು. ಒಳಗಿನ ಕೌದಿಯನ್ನು ಎಳೆಯಲು ಅವರಿಂದ ಆಗಲಿಲ್ಲ. ಕಾಕು ಆಚೆಯಿಂದ ಆ ನೀರನ್ನು ನೋಡಿದರು.

ನಾನು ಮಧ್ಯಾಹ್ನ ಬಂದು ಹಿತ್ತಲಿಗೆ ಹೋದಾಗ ಕಂಡದ್ದು ಇದು. ತಂತಿಯ ನಟ್ಟನಡುವೆ, ಎರಡೂ ಪಾಲಿನ ಮೇಲೆ, ಕೆಂಪು ಚಿಂದಿಯನ್ನೂ ಮುಚ್ಚಿ, ಅತ್ತೆಯ ಕೌದಿ ಅಗಲವಾಗಿ ಹರವಿತ್ತು. ಮಳೆ ತೊಳೆದ ಆಕಾಶ, ಒಳ್ಳೆಯ ಬಿಸಿಲು. ಕೌದಿಯ ನೆರಳಿನಲ್ಲಿ ಮಾವನವರು ಮೊಳಕಾಲವರೆಗೆ ಒದ್ದೆಯಾದ ಧೋತರದಲ್ಲಿ ಕುರ್ಚಿಯ ಮೇಲೆ, ನೆಲ ನೋಡುತ್ತ ಕೂತಿದ್ದರು. ಕಾಕು ಕಟ್ಟೆಯ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಇಬ್ಬರ ನಡುವೆ ಒಂದು ತಂಬಿಗೆ ನೀರು.

“ಬಾರವಾ. ನಿಮ್ಮ ಮಾವಗ ಸಾಲಿ ಕಲಿಸಾಕತ್ತೇನಿ,” ಎಂದರು ಕಾಕು. ಆಮೇಲೆ ಅವರ ಕಡೆ ತಿರುಗಿ ಹೇಳಿದರು: “ಅಣ್ಣಾ, ನನಗ ಗೊತ್ತಿಲ್ಲಂತ ತಿಳದಿದ್ರೇನು? ಎಷ್ಟ ದಿನ ನಿಮ್ಮ ಚಾದರ ನಾನ ಘಡಿ ಮಾಡಿ ಕಟ್ಟಿ ಮ್ಯಾಲ ಇಟ್ಟೇನಿ. ದಿನಾ ಒಂದ ಚಾದರ. ಮನ್ಯಾಗ ಕೂಸಿಲ್ಲ. ಮತ್ತ ಅದು ಯಾರದಿರಬೇಕು?”

ಮಾವನವರು ಧೋತರದ ಒದ್ದೆ ಅಂಚನ್ನು ಹಿಂಡತೊಡಗಿದರು.

“ಆಮ್ಯಾಲ ಈಕಿ ಬೂದಿ ಬೀಳತೈತಿ ಅಂತ ಮಷೀನ ತಂದಳು. ತರ್ಲಿ. ಕಾರಖಾನಿ ಬಂದ್ ಆತು, ಚಿಮಣ್ಯಾಗ ಹೊಗಿ ಇಲ್ಲ, ಆದ್ರೂ ನಿಮ್ಮ ಅರ್ಧಾ ತಂತಿ ಖಾಲಿ. ಬ್ಯಾಸಗ್ಯಾಗ ಬೂದಿ ಎಲ್ಲಿಂದ ಬೀಳತೈತ್ರಿ? ನಾ ಏನ ಕುರುಡಿ ಅದೀನೇನು?”

“ಮತ್ತ ಯಾರಿಗರ ಹೇಳಿದೇನವಾ?” ಮಾವನವರ ದನಿ ಕಷ್ಟಪಟ್ಟು ಕೇಳಿಸುವಷ್ಟು ಸಣ್ಣಗಿತ್ತು.

“ಹೇಳೇನಲ್ಲ! ಗಲ್ಲಿ ತುಂಬ ಹೇಳೇನಿ.” ಕಾಕು ದಾರವನ್ನು ಹಲ್ಲಿನಿಂದ ಕಡಿದರು. “ಅವರು ಬಿಳೇ ಧೋತರದ ಮಂದಿ, ಬೂದಿ ಬಿದ್ರ ತಡಕೊಳ್ಳೂದಿಲ್ಲ, ಅದಕ್ಕ ಮಷೀನ ತಂದಾರ ಅಂತ ಹೇಳೇನಿ.”

ಕೌದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಮ್ಮವ್ರಿಗೂ ಕಡೀಕ ಹಿಂಗ ಆಗಿತ್ತಲ್ಲಣ್ಣಾ,” ಎಂದರು ಕಾಕು. ಈಗ ದನಿ ಬೇರೆಯಾಗಿತ್ತು. “ದಿನಾ ಸಂಜೀಕ ಬಂದ ಅವರ ಮಂಚದ ಮ್ಯಾಲನ ಕುಂತ ಮಾತಾಡ್ತಿದ್ರಿ. ನಿಮ್ಮ ಮೂಗಿಗೆ ತಿಳೀಲಿಲ್ಲ ಅಂದ್ರ ಯಾರ ನಂಬತಾರ? ಒಂದ ದಿನಾನೂ ಮುಖ ಗಂಟ ಹಾಕಲಿಲ್ಲ ನೀವು. ಅವರು ಸಾಯೂತನಕಾ ನಿಮ್ಮ ಹಾದಿ ನೋಡ್ತಿದ್ರು. ಅಂಥಾ ಮನಷ್ಯಾಗ ನಾ ನಗತೇನೇನು? ನೀರ ಕುಡೀರಿ ಮೊದಲ.”

ತಂಬಿಗೆಯನ್ನು ಮುಂದಕ್ಕೆ ದೂಡಿದರು. ಮಾವನವರು ಅದನ್ನು ಎರಡೂ ಕೈಯಿಂದ ಎತ್ತಿ, ಬಾಯಿಗೆ ಹಚ್ಚದೆ ಮೇಲಿನಿಂದ ಸುರಿದುಕೊಂಡು, ಗಟಗಟ ಕುಡಿದರು. ಅರ್ಧ ಎದೆಯ ಮೇಲೆ ಹರಿಯಿತು. ಖಾಲಿ ತಂಬಿಗೆಯನ್ನು ನನ್ನತ್ತ ಚಾಚಿ ಹೇಳಿದರು: “ಇನ್ನೊಂದ ತಾರವಾ.”

ನಾನು ಒಳಗೆ ಹೋಗಿ ಕೊಡದ ಮುಂದೆ ನಿಂತು ಅತ್ತುಬಿಟ್ಟೆ. ಇದರಲ್ಲಿ ಮರೆಮಾಚುವುದು ಏನಿದೆ? ಆಮೇಲೆ ತಂಬಿಗೆ ತುಂಬಿ ಒಯ್ದೆ.

ಕೌದಿಯ ಒಂದು ಮೂಲೆ ಬಿಚ್ಚಿ ಒಳಗಿನ ಜೋಳ ಮಷೀನಿನಲ್ಲಿ ಚೆಲ್ಲಿಹೋಗಿತ್ತು. “ಈ ಮೂಲಿ ಹೊಲದಾಕಿ ನಾನ. ನಿಮ್ಮಾಕಿ ಆ ಕಡಿಂದ ಬಂದಳು, ನಾ ಈ ಕಡಿಂದ,” ಎಂದು ಕಾಕು ಮರುದಿನ ಕೌದಿ ಒಣಗಿದ ಮೇಲೆ ತಮ್ಮ ತವರು ಭೋಜದ ಹೊಲದ ಜೋಳ ತಂದು, ಅದರ ಹೊಟ್ಟೆ ತುಂಬಿಸಿ ಮತ್ತೆ ಹೊಲಿದರು. ಮಾವನವರು ಆಮೇಲೆ ಮೂರು ವರ್ಷ ಇದ್ದರು. ನಾಲ್ಕಕ್ಕೆ ಕಾಕುವಿನ ಚಹಾ, ಐದಕ್ಕೆ ಕಟ್ಟೆ. ಚಾದರವನ್ನು ನಾವು ಬಿಸಿಲಿದ್ದರೆ ತಂತಿಗೆ, ಮೋಡವಿದ್ದರೆ ಮಷೀನಿಗೆ ಹಾಕಿದೆವು. ಡಬ್ಬಿಯ ನೀರನ್ನು ಕರಿಬೇವಿಗೆ ಸುರಿಯುತ್ತ ಅವರು, “ನೋಡವಾ, ಈ ಗಿಡಾ ನಂದ ನೀರ ಕುಡದ ಬೆಳದೈತಿ,” ಎಂದು ನಗುತ್ತಿದ್ದರು. ಒಗ್ಗರಣೆಗೆ ಎಲೆ ಕೀಳುವಾಗ ನನಗೂ ನಗು ಬರುತ್ತಿತ್ತು.

ಅವರು ಹೋದ ಮೇಲೆ ಮಷೀನಿಗೆ ಕೆಲಸ ಕಡಿಮೆ. ಮಳೆಗಾಲದಲ್ಲಿ ನಾಲ್ಕು ಸಲ ತಿರುಗಿದರೆ ಹೆಚ್ಚು. ಜಾಗ ಹಿಡಿದಿದೆ, ಕೊಟ್ಟುಬಿಡೋಣ ಎಂದು ನಮ್ಮವರು ಹೇಳಿದಾಗ ನಾನೂ ಹೂಂ ಅಂದಿದ್ದೆ.

ಈ ಕಾಳು ಹಿಡಿದುಕೊಂಡು ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಹಿತ್ತಲ ಬಾಗಿಲಲ್ಲಿ ಸಣ್ಣಗೆ ಸಪ್ಪಳವಾಯಿತು. ಕಾಕು. ಈಗ ಅವರಿಗೂ ಎಪ್ಪತ್ತರ ಮೇಲೆ. ಮನೆ ತುಂಬ ಮಗ, ಸೊಸೆ, ಮೊಮ್ಮಕ್ಕಳಿದ್ದಾರೆ. ಯಾವಾಗಲೂ ಬಾಗಿಲು ತಳ್ಳಿಕೊಂಡು ಒಳಗೆ ಬರುವವರು ಇವತ್ತು ಹೊಸ್ತಿಲ ಆಚೆಯೇ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಿಂಡಿದ ಒಂದು ಒದ್ದೆ ಚಾದರ. ನನ್ನ ಮುಖ ನೋಡದೆ, ಕರಿಬೇವಿನ ಗಿಡ ನೋಡುತ್ತ ಹೇಳಿದರು:

“ಹೊರಗ ಏನ ಬೂದಿಯವಾ ಇದು! ಒಂದ ಚಾದರ ಹಾಕೂಹಂಗಿಲ್ಲ. ನಿನ್ನ ಮಷೀನಾಗ ಹಾಕ್ತೀಯೇನ?”

ನಾನು ಅವರ ಹೆಗಲ ಮೇಲಿಂದ ಹೊರಗೆ ನೋಡಿದೆ. ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ದೂರದ ಚಿಮಣಿಯಲ್ಲಿ ಹೊಗೆ ನಿಂತು ಎರಡು ತಿಂಗಳಾಗಿದೆ. ಆಕಾಶದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

“ಹೌದ್ರಿ ಕಾಕು, ಬಾಳ ಬೀಳಾಕತ್ತೈತಿ,” ಎಂದೆ. “ಒಳಗ ಬರ್ರಿ. ಇನ್ನ ಮ್ಯಾಲ ದಿನಾ ಇಲ್ಲೇ ತರ್ರಿ.”

ಚಾದರ ಒಳಗೆ ಹಾಕಿ ಗುಂಡಿ ಒತ್ತಿದೆ. ಕಾಕು ಮಾವನವರ ಕುರ್ಚಿಯಲ್ಲಿ ಗಾಜಿನ ಮುಂದೆ ಕೂತರು. ತಂಬಿಗೆ ತುಂಬ ನೀರು ತಂದು ಕೊಟ್ಟೆ. ಅವರು ತಂಬಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪೂರ್ತಿ ಕುಡಿದರು.

ಅಷ್ಟರಲ್ಲಿ ಫೋನು ಗುಂಯ್ಗುಟ್ಟಿತು. ಬರೆದಾಯಿತೇ ಎಂದು ನಮ್ಮವರ ಮೆಸೇಜು. ಜೋಳದ ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಉತ್ತರ ಒತ್ತಿದೆ: “ಮಷೀನ ಕೊಡೂದು ಬ್ಯಾಡ್ರಿ. ಕಾಕು ಬಂದಾರ. ಹೊರಗ ಬೂದಿ ಬೀಳಾಕತ್ತೈತಂತ.”

ಮೇ ತಿಂಗಳಲ್ಲಿ ಬೂದಿ ಎಲ್ಲಿಂದ ಎಂದು ಕೇಳುತ್ತಾರೇನೋ ಎಂದುಕೊಂಡೆ. ಚಾದರ ನಾಲ್ಕು ಸುತ್ತು ತಿರುಗಿದ ಮೇಲೆ ಉತ್ತರ ಬಂತು.

“ಹಂಗಾರ ಬ್ಯಾಡ. ಲಾಡ್ಜಿನವರಿಗೆ ಬರಬ್ಯಾಡ್ರಿ ಅಂತ ನಾ ಹೇಳತೇನಿ.”